ಬಾನೆಟ್ಟಿನ ಮೇಲಿಟ್ಟ ಕೈ

ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಸ್ಟಾರ್ಟ್ ಆಯಿತು ಎಂದು ಮುಖ ಗಂಟು ಹಾಕಿಕೊಂಡವರನ್ನು ನೋಡಿದ್ದು ನಮ್ಮ ಮನೆಯಲ್ಲೇ. ಅವರು ನನ್ನ ಗಂಡ, ಹೆಸರು ಲೀಲಾಧರ. ಬೀಜಾಡಿಯಿಂದ ಕೋಡಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ, ಮೀನಿನ ವ್ಯಾಪಾರದಲ್ಲಿ ಅವರಷ್ಟು ನೇರ ಮನುಷ್ಯ ಇಲ್ಲ, ಸಂಶಯದಲ್ಲಿ ಅವರನ್ನು ಮೀರಿಸುವವರೂ ಇಲ್ಲ. ಮದುವೆಮನೆಗೆ ಹೋದರೆ ಒಂದು ಚಪ್ಪಲಿಯನ್ನು ಚಪ್ಪರದ ಬಾಗಿಲಲ್ಲೂ ಇನ್ನೊಂದನ್ನು ಬಾವಿಕಟ್ಟೆಯ ಹಿಂದೆಯೂ ಬಿಡುವ ಜನ. ಕಳ್ಳನಿಗೆ ಜೋಡಿ ಸಿಗಬಾರದಂತೆ. ಊಟವಾದ ಮೇಲೆ ಎರಡನೆಯದನ್ನು ಹುಡುಕುತ್ತ ಮದುವೆಮನೆ ಸುತ್ತುವುದು ನಾನು.

ನಾನು ಸೀತು. ನಮ್ಮ ಮನೆ ಕುಂಭಾಶಿಯ ಪಡುಬದಿ, ಕಡಲಿಗೆ ಹತ್ತಿರ. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿನ ಏಲಂನಲ್ಲಿ ಕೂಗಿ ಮೀನು ಕೊಂಡು, ಐಸ್ ಹಾಕಿ, ಕೋಟ, ಬ್ರಹ್ಮಾವರದ ಮಾರುಕಟ್ಟೆಗೆ ಮುಟ್ಟಿಸುವುದು ನಮ್ಮ ಕಸುಬು. ಅದಕ್ಕೆ ಎರಡು ಗಾಡಿ. ಒಂದು, ನನ್ನ ಅತ್ತೆ ಅಕ್ಕು ಕೈಬಳೆ ಮಾರಿ ಮಗನಿಗೆ ತೆಗೆಸಿಕೊಟ್ಟ ಹಳೆ ಟೆಂಪೊ. ಇನ್ನೊಂದು, ಕಳೆದ ಮಳೆಗಾಲ ಮುಗಿದ ಮೇಲೆ ಬಂದ ಹೊಸ ಪಿಕಪ್. ಪಿಕಪ್ ಓಡಿಸುವುದು ನಮ್ಮ ಮಗ ಅನೂಪ್. ಟೆಂಪೊ ಓಡಿಸುವುದು ಗುಲ್ವಾಡಿಯ ಸುಧಾಕರಣ್ಣ, ಅದೂ ಅನೂಪ್ ಹುಟ್ಟುವ ಮೊದಲಿನಿಂದ. ಅನೂಪನನ್ನು ಹೆರಲು ನಾನು ಕುಂದಾಪುರದ ಆಸ್ಪತ್ರೆಗೆ ಹೋದದ್ದು ಆ ಟೆಂಪೊದಲ್ಲೇ. ದಾರಿಯುದ್ದಕ್ಕೂ ಹೊಂಡ ತಪ್ಪಿಸುತ್ತ, ಆನೆಗುಡ್ಡೆ ಗಣಪತಿಗೆ ಕಾಯಿ ಹರಕೆ ಹೇಳಿಕೊಳ್ಳುತ್ತ ಸುಧಾಕರಣ್ಣ ಓಡಿಸಿದ್ದ. ನಾನು ಕಿರುಚಿದಾಗಲೆಲ್ಲ ಅವನೇ ಬೆವರಿದ್ದ.

ನಮ್ಮ ಕಡೆ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಜನವರಿಯ ಬೆಳಗಿನ ಜಾವ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವಷ್ಟು ಚಳಿ ಇಲ್ಲೂ ಇರುತ್ತದೆ. ಮನುಷ್ಯರಿಗೆ ಅದು ಲೆಕ್ಕವಲ್ಲ, ಆದರೆ ಹಳೆ ಡೀಸೆಲ್ ಇಂಜಿನ್‌ಗೆ ಅಷ್ಟೇ ಸಾಕು. ಅದಕ್ಕೆ ಬೆಂಕಿ ಕೊಡುವ ಪ್ಲಗ್ ಇಲ್ಲ. ಒಳಗೆ ಗಾಳಿ ಒತ್ತಿ ಒತ್ತಿ ಬಿಸಿಯಾಗಬೇಕು, ಆ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳಬೇಕು. ಇಂಜಿನ್ನಿನ ಮೈಯೇ ತಣ್ಣಗಿದ್ದರೆ ಆ ಬಿಸಿಯನ್ನೆಲ್ಲ ಕಬ್ಬಿಣವೇ ಕುಡಿದುಬಿಡುತ್ತದೆ. ಅದಕ್ಕೇ ಹೀಟರಿನ ಗುಂಡಿ ಒತ್ತಿ ಹಿಡಿದು, ಸ್ಟೇರಿಂಗಿನ ಪಕ್ಕದ ಪುಟ್ಟ ಸುರುಳಿ ಕೆಂಪಗಾಗುವವರೆಗೆ ಕಾಯಬೇಕು. ನಮ್ಮ ಟೆಂಪೊದ ಹೀಟರ್ ಅರ್ಧ ಸತ್ತಿತ್ತು. ಸುಧಾಕರಣ್ಣ ಕೀಲಿ ತಿರುಗಿಸಿದರೆ ಅದು ಕೆಮ್ಮುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೆಮ್ಮುತ್ತಿತ್ತು. ಕೊನೆಗೆ ಬಿಳಿ ಹೊಗೆ ಬಿಟ್ಟು ಏಳುವಷ್ಟರಲ್ಲಿ ಪಕ್ಕದ ಮನೆಯ ನಾಗು ಕಿಟಕಿ ಮುಚ್ಚಿ ಆಗಿರುತ್ತಿತ್ತು.

ಪಿಕಪ್ಪಿನದು ಬೇರೆಯೇ ಸಂಸಾರ. ಅದರೊಳಗೆ ಒಂದು ಕಂಪ್ಯೂಟರ್ ಕೂತಿದೆಯಂತೆ. ಚಳಿ ಎಷ್ಟಿದೆ, ಎಷ್ಟು ಬಿಸಿ ಮಾಡಬೇಕು, ಎಷ್ಟು ಡೀಸೆಲ್ ಬಿಡಬೇಕು ಎಲ್ಲ ಅದೇ ನೋಡಿಕೊಳ್ಳುತ್ತದಂತೆ. ಡೀಸೆಲ್ಲನ್ನು ಭಯಂಕರ ಒತ್ತಡದಲ್ಲಿ ಮಂಜಿನ ಹಾಗೆ ಒಳಗೆ ಚಿಮ್ಮಿಸುತ್ತದಂತೆ. ಅನೂಪ್ ಇದನ್ನೆಲ್ಲ ಗಂಜಿ ಉಣ್ಣುತ್ತ ಹೇಳುತ್ತಿದ್ದ. ಒಂದು ಸಲ ಕೀಲಿ ತಿರುಗಿಸಿದರೆ ಸಾಕು, ಶಬ್ದವೂ ಹೆಚ್ಚಿಲ್ಲ, ಹೊಗೆಯೂ ಇಲ್ಲ. ನಿನ್ನೆ ಸಂಜೆಯಿಂದ ನಿಂತಿತ್ತೋ ಈಗಷ್ಟೇ ಬಂದು ನಿಂತಿತೋ, ಆ ಗಾಡಿಯ ಸ್ವರ ಕೇಳಿ ಹೇಳುವುದಕ್ಕಾಗುವುದಿಲ್ಲ.

ಜನವರಿಯ ಆರಂಭದಲ್ಲಿ ಒಂದು ಬೆಳಿಗ್ಗೆ ಟೆಂಪೊ ಹಟ ಹಿಡಿಯಿತು. ಅದು ಎದ್ದು ಗಂಗೊಳ್ಳಿ ಮುಟ್ಟುವಷ್ಟರಲ್ಲಿ ಒಳ್ಳೆಯ ಅಂಜಲ್ ಮೀನೆಲ್ಲ ಬೈಂದೂರಿನ ಯೋಗೀಶನ ಪಾಲಾಗಿತ್ತು. ಯೋಗೀಶ ಎಂದರೆ ನಮ್ಮವರ ಕಣ್ಣಿಗೆ ಬಿದ್ದ ಕಸ. ಅದೇ ಬಂದರಿನಲ್ಲಿ ಮೀನು ಕೊಳ್ಳುತ್ತಾನೆ, ಅವನೂ ಹೊಸ ಗಾಡಿ ತೆಗೆದಿದ್ದ. ಇವರು ಮನೆಗೆ ಬಂದವರು ಅಂಗಳದಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇನ್ನೊಂದ್ ಬೆಳಿಗ್ಗೆ ಇದ್ ನನ್ನನ್ನ್ ಕಾಯ್ಸ್ರೆ, ಮಾರನೇ ದಿನ ಕೋಟದ ಗುಜರಿಗೆ. ಹೇಳಿದ್ದ್ ಹೇಳ್ದೆ."

ಸುಧಾಕರಣ್ಣ ಖಾಲಿ ಪೆಟ್ಟಿಗೆ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. ಅತ್ತೆ ಬಚ್ಚಲ ಒಲೆಗೆ ತೆಂಗಿನ ಮಡಲು ಮುರಿಯುತ್ತಿದ್ದವಳು ಎತ್ತಿದಳು. ಟೆಂಪೊ ಹೋದರೆ ಸುಧಾಕರಣ್ಣನಿಗೆ ನಮ್ಮಲ್ಲಿ ಕೆಲಸವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಿಕಪ್ಪಿಗೆ ಅನೂಪ್ ಇದ್ದ. ಒಮ್ಮೆ ಅದನ್ನು ಓಡಿಸಿ ನೋಡಿ ಸುಧಾಕರಣ್ಣ ಇಳಿದುಬಿಟ್ಟಿದ್ದ. "ಪರರ ಅಡುಗೆಮನೆಗ್ ಹೊಕ್ಕಂಗ್ ಆತ್ತ್ ಸೀತಕ್ಕ, ಉಪ್ಪ್ ಎಲ್ಲಿತ್ತ್ ಅಂದೇ ಗೊತ್ತಾತಿಲ್ಲೆ" ಎಂದಿದ್ದ.

ಮಾರನೆಯ ಬೆಳಿಗ್ಗೆ ಸುಧಾಕರಣ್ಣ ಬೈಕ್ ನಿಲ್ಲಿಸಿ, ಟೆಂಪೊ ಹತ್ತಿ, ಕೀಲಿ ತಿರುಗಿಸಿದ. ಟೆಂಪೊ ಒಂದೇ ಸಲಕ್ಕೆ ಎದ್ದಿತು. ಕೆಮ್ಮಿಲ್ಲ, ಬಿಳಿ ಹೊಗೆ ಇಲ್ಲ. ನಾನು ಚಹಾ ಸೋಸುತ್ತಿದ್ದವಳು ಸಂತೋಷಪಟ್ಟೆ. ಗಣಪತಿಗೆ ಮನಸ್ಸಲ್ಲೇ ಕೈಮುಗಿದೆ. ಅದರ ಮಾರನೆಯ ದಿನವೂ ಹಾಗೆಯೇ ಆಯಿತು, ಆಮೇಲಿನ ದಿನವೂ ಹಾಗೆಯೇ.

ನಮ್ಮವರ ಮುಖ ಮಾತ್ರ ದಿನದಿಂದ ದಿನಕ್ಕೆ ಬಿಗಿಯುತ್ತ ಹೋಯಿತು. ಬೇರೆಯವರಾದರೆ ಪೀಡೆ ತೊಲಗಿತು ಎನ್ನುತ್ತಿದ್ದರು. ಇವರು ಒಂದು ಬೆಳಿಗ್ಗೆ, ಸುಧಾಕರಣ್ಣನ ಬೈಕು ಗೇಟು ದಾಟಿ ಬಂದದ್ದೇ ತಡ, ಹಲ್ಲುಜ್ಜುತ್ತಲೇ ಹೋಗಿ ಟೆಂಪೊದ ಬಾನೆಟ್ಟಿನ ಮೇಲೆ ಕೈ ಇಟ್ಟರು. ಹಾಗೆಯೇ ಸ್ವಲ್ಪ ಹೊತ್ತು ನಿಂತರು. ಒಳಗೆ ಬಂದವರು ಬಾಯಿ ಮುಕ್ಕಳಿಸುವುದನ್ನೂ ಮರೆತು ನನ್ನ ಕಿವಿಯ ಹತ್ತಿರ ಹೇಳಿದರು.

"ಬಿಸಿ ಇತ್ತ್."

"ಎಂತ ಬಿಸಿ?" ಎಂದೆ.

"ಇಂಜಿನ್. ರಾತ್ರಿಯಿಡೀ ಚಳಿಯಲ್ಲ್ ನಿಂತ ಗಾಡಿ ಬಿಸಿ ಹ್ಯಾಂಗ್ ಆತ್ತ್? ಅದನ್ನ್ ಆರೋ ಓಡ್ಸಿ ತಂದ್ ನಿಲ್ಸಿದ್ರ್. ಕೀಲಿ ಇಪ್ಪುದ್ ಇಬ್ರ ಕೈಯಲ್ಲ್. ಒಂದ್ ನನ್ನ ಕಪಾಟಿನೊಳ್ಗ್. ಇನ್ನೊಂದ್ ಆರ ಹತ್ರ?"

ಸುಳ್ಳು ಏಕೆ ಹೇಳಲಿ, ಇವರು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಹಳೆ ಇಂಜಿನ್ ಚಳಿಯಲ್ಲಿ ಒಂದೇ ಸಲಕ್ಕೆ ಏಳುವುದು ಮೈ ಬಿಸಿ ಇದ್ದರೆ ಮಾತ್ರ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದರ ಕೆಮ್ಮು ಕೇಳಿಯೇ ಎದ್ದವಳು ನಾನು.

"ಅಷ್ಟ್ ಶಬ್ದದ ಗಾಡಿ. ಹೊರಟ್ರೆ ನಮ್ಗ್ ಎಚ್ರ ಆತಿಲ್ಯಾ?" ಎಂದು ಕೇಳಿದೆ.

ಅದಕ್ಕೂ ಇವರಲ್ಲಿ ಉತ್ತರ ಸಿದ್ಧವಿತ್ತು. ಹಳೆ ಗಾಡಿಗೆ ಬ್ಯಾಟರಿಯೂ ಬೇಕಿಲ್ಲ. ಗೇರಿಗೆ ಹಾಕಿ ಇಳಿಜಾರಿನಲ್ಲಿ ಉರುಳಲು ಬಿಟ್ಟರೆ ರಸ್ತೆಯಲ್ಲಿ ಎದ್ದುಕೊಳ್ಳುತ್ತದೆ. ನಮ್ಮ ಅಂಗಳದಿಂದ ರಸ್ತೆಗೆ ಇಳಿಜಾರಿದೆ. ಸುಧಾಕರ ಗಾಡಿಯನ್ನು ಸದ್ದಿಲ್ಲದೆ ಉರುಳಿಸಿ ರಸ್ತೆಗೆ ಇಳಿಸುತ್ತಾನೆ, ಅಲ್ಲಿ ಸ್ಟಾರ್ಟ್ ಮಾಡಿ ಯೋಗೀಶನಿಗೆ ಮೀನು ಸಾಗಿಸುತ್ತಾನೆ.

"ಹೋಪುಕ್ ಇಳಿಜಾರ್. ಬಪ್ಪುಕ್ ಅದೇ ಏರ್ ಅಲ್ದಾ? ಹತ್ತ್ಸೂದ್ ಹ್ಯಾಂಗ್?" ಎಂದೆ.

"ದೂಡುಕ್ ಜನ ಇಟ್ಕಂಡಿದ" ಎಂದರು.

ಮೈಗೆ ಕಾಮಾಲೆ ಬಂದರೆ ಕಂಡದ್ದೆಲ್ಲ ಹಳದಿ ಎಂದು ಅತ್ತೆ ಆಗಾಗ ಹೇಳುವುದುಂಟು. ಈ ಮನುಷ್ಯನಿಗೆ ಹುಟ್ಟುವಾಗಲೇ ಕಾಮಾಲೆ ಎಂದುಕೊಂಡು ಚಹಾ ಸೋಸಲು ಹೋದೆ.

ಆ ಸಂಜೆಯಿಂದ ನಮ್ಮ ಅಂಗಳದಲ್ಲಿ ಪತ್ತೇದಾರಿ ಶುರುವಾಯಿತು. ಇವರು ಟೆಂಪೊದ ಹಿಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಅದಕ್ಕೆ ಸರಿಯಾಗಿ ನೆಲದ ಕಲ್ಲಿನ ಮೇಲೂ ಒಂದು ಗೆರೆ ಎಳೆದರು. ಗಾಡಿ ಒಂದು ಗೇಣು ಚಲಿಸಿದರೂ ಗೆರೆಗೆ ಗೆರೆ ತಪ್ಪಬೇಕು. ಮುಂದಿನ ಚಕ್ರದ ಎದುರು ತೆಂಗಿನ ಸಿಪ್ಪೆ ಇಟ್ಟರು, ಬೇಕಂತಲೇ ಇಟ್ಟದ್ದು ಎಂದು ಕಾಣಬಾರದು ಎಂದು ಸುತ್ತ ನಾಲ್ಕು ಸಿಪ್ಪೆ ಚೆಲ್ಲಿದರು. ಅತ್ತೆ ಸಂಜೆ ಅಂಗಳ ಗುಡಿಸಲು ಬಂದಾಗ ಆ ಸಿಪ್ಪೆಗಳನ್ನು ಒಲೆಗೆಂದು ಹೆಕ್ಕಿದಳು. ಇವರು ಓಡಿ ಹೋಗಿ ಅವಳ ಕೈಯಿಂದ ಕಿತ್ತುಕೊಂಡರು.

"ಎಂತಾ ಆಯ್ತ್ ಇವ್ನಿಗ್?" ಎಂದು ಅತ್ತೆ ನನ್ನ ಮುಖ ನೋಡಿದಳು.

ಬೆಳಿಗ್ಗೆ ನೋಡಿದರೆ ಗೆರೆಗೆ ಗೆರೆ ಸರಿಯಾಗಿ ಕೂತಿತ್ತು. ಸಿಪ್ಪೆ ಇಟ್ಟಲ್ಲೇ ಇತ್ತು. ಬಾನೆಟ್ ಮಾತ್ರ ಬಿಸಿ. ನಾನೂ ಹೋಗಿ ಮುಟ್ಟಿ ನೋಡಿದೆ. ಒಲೆಯಿಂದ ಇಳಿಸಿ ಆರಲು ಇಟ್ಟ ಹಾಲಿನ ಪಾತ್ರೆಯ ಹಾಗೆ ಉಗುರುಬೆಚ್ಚಗೆ ಇತ್ತು. ಸುಧಾಕರಣ್ಣ ಕೀಲಿ ತಿರುಗಿಸಿದ, ಗಾಡಿ ಎದ್ದಿತು.

"ಕಂಡ್ರಲ್ಲ, ಗಾಡಿ ಹಂದಾಡಲೇ ಇಲ್ಲೆ" ಎಂದೆ, ಸ್ವಲ್ಪ ಗೆದ್ದ ಸ್ವರದಲ್ಲಿ.

ಇವರು ಗಲ್ಲ ತುರಿಸಿಕೊಂಡರು. "ಕಾಣ್, ಎಷ್ಟ್ ಹುಷಾರ್ ಮನುಷ್ಯ. ಗೆರೆಗ್ ಸಮಾ ತಂದ್ ನಿಲ್ಸಿದ. ಅಂತಾ ಡ್ರೈವರ್ ಅವ್ನ್" ಎಂದರು.

ಗೆರೆ ತಪ್ಪಿದ್ದರೆ ಸುಧಾಕರಣ್ಣ ಕಳ್ಳ. ತಪ್ಪದಿದ್ದರೆ ಜಾಣ ಕಳ್ಳ. ಸಂಶಯ ಪಿಶಾಚಿ ಹೊಕ್ಕ ಮನೆಯಲ್ಲಿ ಸಾಕ್ಷಿ ಯಾರ ಪರವಾಗಿ ಬಂದರೂ ಒಂದೇ. ನನಗೆ ಸಿಟ್ಟು ಬಂದು ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಉಂಡವರು ಅದಕ್ಕೂ ನನ್ನನ್ನು ಸಂಶಯದಿಂದ ನೋಡಿದರು.

ಆದರೂ ಒಂದು ಮಾತು. ಸಂಶಯ ಅಂಟುರೋಗ. ಸುಧಾಕರಣ್ಣ ಬಂದವನು ಟೆಂಪೊ ಹತ್ತುವ ಮೊದಲು ಬಚ್ಚಲಮನೆಯ ಕಡೆಗೆ ಒಮ್ಮೆ ನೋಡುವುದನ್ನು ನಾನೂ ಗಮನಿಸಲು ಶುರುಮಾಡಿದೆ. ಮೊದಲೂ ಹಾಗೆ ನೋಡುತ್ತಿದ್ದನೋ, ಈಗ ಮಾತ್ರವೋ ನೆನಪಾಗಲಿಲ್ಲ. "ಗಾಡಿ ಈಗ ಚೆನ್ನಾಗ್ ಏಳ್ತ್ ಅಲ್ದಾ ಸುಧಾಕರಣ್ಣ, ಎಂತ ಮಾಡ್ದೆ?" ಎಂದು ಒಂದು ದಿನ ಕೇಳಿದಾಗ ಅವನು ಚಹಾದ ಲೋಟ ಕೆಳಗಿಟ್ಟು, "ನಾ ಎಂತದೂ ಮಾಡ್ಲಿಲ್ಲೆ ಸೀತಕ್ಕ" ಎಂದು ಬೇಗ ಎದ್ದು ಹೋದ. ಅರ್ಧ ಚಹಾ ಬಿಟ್ಟು ಹೋಗುವವನಲ್ಲ ಅವನು.

ಆ ವಾರವೇ ಅನೂಪ್ ಇನ್ನೊಂದು ಸುದ್ದಿ ತಂದ. ಕುಂಭಾಶಿಯ ಚಹಾದಂಗಡಿಯಲ್ಲಿ ಯೋಗೀಶನೂ ಸುಧಾಕರಣ್ಣನೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರಂತೆ. ಅನೂಪ್ ಚಾಡಿ ಹೇಳುವ ಹುಡುಗನಲ್ಲ, ಕಂಡದ್ದನ್ನು ಹೇಳಿದ ಅಷ್ಟೇ. ಆದರೆ ಒಣಗಿದ ಮಡಲಿಗೆ ಅಷ್ಟು ಕಿಡಿ ಸಾಕಿತ್ತು.

ಅತ್ತೆ ಆ ದಿನ ಬೆಳಿಗ್ಗೆ ಕೊಡೇರಿಯ ಮಗಳ ಮನೆಗೆ ಹೋಗಿದ್ದಳು. ಮಧ್ಯಾಹ್ನ ಸುಧಾಕರಣ್ಣ ಬ್ರಹ್ಮಾವರದಿಂದ ವಾಪಸು ಬಂದು ಟೆಂಪೊವನ್ನು ಬಚ್ಚಲಮನೆಯ ಪಕ್ಕ, ಅದರ ಮಾಮೂಲು ಜಾಗದಲ್ಲಿ ನಿಲ್ಲಿಸಿದ. ಇವರು ಜಗಲಿಯ ಮೇಲೆ ಕಾದು ಕೂತಿದ್ದರು.

"ಹ್ವಾಯ್ ಸುಧಾಕರ, ಬಾ ಇಲ್ಲಿ. ಒಂದ್ ಮಾತ್ ಕೇಂತೆ, ಸಮಾ ಹೇಳ್ಕ್. ಬೆಳಗಾಪು ಮುಂಚೆ ಈ ಗಾಡಿ ಎಲ್ಲಿಗ್ ಹೋತ್ತ್?"

ಸುಧಾಕರಣ್ಣನಿಗೆ ಮೊದಲು ಅರ್ಥವಾಗಲಿಲ್ಲ. "ಎಲ್ಲಿಗ್ ಹೋತ್ತ್ ಲೀಲಣ್ಣ? ಇಲ್ಲೇ ಇರ್ತ್" ಎಂದ.

"ಇಲ್ಲೇ ಇಪ್ಪು ಗಾಡಿ ಚಳಿಯಲ್ಲ್ ಬಿಸಿ ಇರ್ತಿಲ್ಲೆ. ನಾ ದಿನಾ ಮುಟ್ಟಿ ಕಂಡಿದೆ. ಯೋಗೀಶನ ಮೀನ್ ಹೊತ್ತ್ಕಂಡ್ ಹೋತ್ತಾ?"

ಆಗ ಅವನಿಗೆ ಅರ್ಥವಾಯಿತು. ಮುಖದ ಬಣ್ಣ ಹೋಯಿತು. ಏನೋ ಹೇಳಲು ಬಾಯಿ ತೆರೆದ. ಒಮ್ಮೆ ಬಚ್ಚಲಮನೆಯ ಕಡೆ ನೋಡಿದ. ಮತ್ತೆ ಬಾಯಿ ಮುಚ್ಚಿಕೊಂಡ.

"ಯೋಗೀಶ ಕರ್ದದ್ದ್ ಹೌದ್. ಅವ್ನ್ ಹೊಸ ಗಾಡಿಗ್ ಡ್ರೈವರ್ ಬೇಕಂಬ್ರ್. ನಾ ಬತ್ತಿಲ್ಲೆ ಅಂದೆ. ಅಷ್ಟೇ ಆದ್ದ್" ಎಂದ.

"ಅದ್ ಇರ್ಲಿ. ಗಾಡಿ ಎಂತಕ್ ಬಿಸಿ ಅಂತ ಹೇಳ್."

"ಅದ್ ನಾ ಹೇಳುಕ್ ಆತಿಲ್ಲೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲ್ ಮುಟ್ಟಿ ಕಂಡ ಅಂಬ್ರ್ ಅಲ್ದಾ, ಇದೇ ಕಾಣ್" ಎಂದು ಇವರು ನನ್ನ ಕಡೆ ತಿರುಗಿದರು.

ನಾನು ನಡುವೆ ಬಿದ್ದೆ. "ಸುಧಾಕರಣ್ಣ, ಎಂತ ಇತ್ತೋ ಹೇಳಿಬಿಡ್. ಇವ್ರ್ ಗುಣ ನಿಂಗ್ ಗೊತ್ತಿಲ್ಯಾ?" ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಮನಸ್ಸಿನಿಂದ ಹೋಗಿಲ್ಲ. ನೀನೂ ಕೇಳುತ್ತೀಯಲ್ಲ ಎನ್ನುವ ಹಾಗಿತ್ತು. ಆಮೇಲೆ ಕಿಸೆಯಿಂದ ಟೆಂಪೊದ ಕೀಲಿ ತೆಗೆದು, ಜಗಲಿಯ ಅಂಚಿನಲ್ಲಿ, ಬಿದ್ದ ಸದ್ದೂ ಆಗದ ಹಾಗೆ ಇಟ್ಟ. ಬೈಕ್ ಹತ್ತಿ ಹೋದ. ಇವರು ತಡೆಯಲಿಲ್ಲ.

ಅತ್ತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. "ಅಬ್ಬಿಗ್ ಈಗ್ಲೇ ಹೇಳ್ಬೇಡ. ನನ್ನ ತಲೆ ತಿಂತ್ರ್. ನಾಳೆ ಮೀನ್ ಇಳ್ಸಿ ಬಂದ್ ನಾನೇ ಹೇಳ್ತೆ" ಎಂದು ಇವರು ತಾಯಿಯ ಕಡೆ ತೋರಿಸಿ ನನಗೆ ಕಣ್ಣು ಬಿಟ್ಟರು. ಅವಳು ಮಗಳ ಮನೆಯ ಸುದ್ದಿ ಹೇಳುತ್ತ ಉಂಡು ಮಲಗಿದಳು. ಟೆಂಪೊ ಅದರ ಜಾಗದಲ್ಲಿತ್ತು, ಅವಳಿಗೆ ಏನೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಏಲಂಗೆ ಪಿಕಪ್ ಒಂದೇ ಹೋಗುವುದು ಎಂದು ತೀರ್ಮಾನವಾಗಿತ್ತು. ಅನೂಪ್ ಹೋಗಿ ಕೀಲಿ ತಿರುಗಿಸಿದ. ಪಿಕಪ್ ಕಟ್ ಕಟ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದ, ಮತ್ತೆ ಕಟ್ ಕಟ್. ಹಿಂದಿನ ಸಂಜೆ ಅಜ್ಜಿಯನ್ನು ಕರೆದುಕೊಂಡು ಬಂದವನು ಹಿಂದೆ ಪೆಟ್ಟಿಗೆ ಜೋಡಿಸಲು ಹಾಕಿದ್ದ ದೀಪ ಆರಿಸಿರಲಿಲ್ಲ. ಬ್ಯಾಟರಿ ಕುಳಿತಿತ್ತು.

"ದೂಡುವ" ಎಂದರು ಇವರು. ನಾಗುವಿನ ಮನೆಯವರನ್ನೂ ಕರೆದು ಇಳಿಜಾರಿನಲ್ಲಿ ದೂಡಿದ್ದಾಯಿತು. ಪಿಕಪ್ ಮೆತ್ತಗೆ ಉರುಳಿ, ರಸ್ತೆಯ ಬದಿಯಲ್ಲಿ ತೆಪ್ಪಗೆ ನಿಂತಿತು.

"ಇದನ್ನ್ ದೂಡಿ ಪ್ರಯೋಜ್ನ ಇಲ್ಲೆ ಅಪ್ಪಯ್ಯ. ಕರೆಂಟ್ ಇಲ್ದಿದ್ರೆ ಕಂಪ್ಯೂಟರ್ ಏಳ್ತಿಲ್ಲೆ. ಅದ್ ಏಳ್ದಿದ್ರೆ ಡೀಸೆಲ್ ಬಿಡ್ತಿಲ್ಲೆ" ಎಂದ ಅನೂಪ್. ಯಾರಿಗೋ ಫೋನ್ ಹಚ್ಚಿದ. ಬೆಳಗಾಗದೆ ಯಾರೂ ಬರುವುದಿಲ್ಲ ಎಂದಾಯಿತು.

ಗಂಗೊಳ್ಳಿಯಲ್ಲಿ ಬೋಟು ಬರುವ ಹೊತ್ತು. ಇವರು ಅಂಗಳಕ್ಕೆ ಓಡಿ ಬಂದು, ಜಗಲಿಯಿಂದ ಸುಧಾಕರಣ್ಣ ಇಟ್ಟುಹೋದ ಕೀಲಿ ತೆಗೆದುಕೊಂಡು ಟೆಂಪೊ ಹತ್ತಿದರು. ಟೆಂಪೊ ಓಡಿಸಿ ಇವರಿಗೆ ವರ್ಷಗಳೇ ಆಗಿದ್ದವು. ಹೀಟರ್ ಒತ್ತಬೇಕು ಎಂಬುದೂ ನೆನಪಾಗಲಿಲ್ಲ. "ಏಳ್ತಿಲ್ಲೆ, ಏಳ್ತಿಲ್ಲೆ ಇದ್" ಎಂದು ಬೈಯುತ್ತಲೇ ಕೀಲಿ ತಿರುಗಿಸಿದರು.

ಟೆಂಪೊ ಒಂದೇ ಸಲಕ್ಕೆ ಎದ್ದಿತು.

ಇವರು ಸ್ಟೇರಿಂಗ್ ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಇಂಜಿನ್ನಿನ ನಡುಕಕ್ಕೆ ಇವರ ಗಲ್ಲ ಅಲುಗುತ್ತಿತ್ತು.

"ಸುಧಾಕರ ಬರ್ಲಿಲ್ಲೆ ಅಲ್ದಾ?" ಎಂದು ನನ್ನನ್ನು ಕೇಳಿದರು.

"ಇಲ್ಲೆ."

"ಕೀಲಿ ಜಗ್ಲಿಯಲ್ಲೇ ಇದ್ದಿತ್."

"ಹೌದ್."

ಇಳಿದು ಬಂದು ಬಾನೆಟ್ ಮುಟ್ಟಿದರು. ಬೆಚ್ಚಗಿತ್ತು. ಚಕ್ರದ ಮುಂದೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರು. ಅಷ್ಟರಲ್ಲಿ ಬಚ್ಚಲಮನೆಯಿಂದ ಅತ್ತೆ ಸೆರಗು ಎತ್ತಿಕಟ್ಟಿಕೊಂಡು, ತನ್ನಿಂದಾದಷ್ಟು ವೇಗದಲ್ಲಿ ಬಂದಳು.

"ಮಗಾ, ಗಾಡಿ ಬಿಡ್ಬೇಡ. ಅಡಿಯಲ್ಲ್ ಕೆಂಡ ಇತ್ತ್. ಚಟ್ಟಿ ಒಡ್ದ್ ಹೋತ್ತ್."

ಇವರು ಮೊಣಕಾಲೂರಿ ಟೆಂಪೊದ ಅಡಿಗೆ ನೋಡಿದರು. ನಾನೂ ನೋಡಿದೆ. ಇಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ಮಣ್ಣಿನ ಚಟ್ಟಿ, ಅದರ ತುಂಬ ತೆಂಗಿನ ಗೆರಟೆಯ ಕೆಂಡ, ಕಿಡಿ ಹಾರದ ಹಾಗೆ ಮೇಲೆ ಬೂದಿ ಮುಚ್ಚಿತ್ತು. ಆ ಚಟ್ಟಿಯ ಗುರುತು ನನಗೆ ಕೂಡಲೇ ಸಿಕ್ಕಿತು. ಅನೂಪ್ ಹುಟ್ಟಿದಾಗ ನನ್ನ ಬಾಣಂತಿ ಮಂಚದ ಕೆಳಗೆ ಅತ್ತೆ ಇಟ್ಟಿದ್ದು ಅಂಥದ್ದೇ ಚಟ್ಟಿ, ಹೀಗೆಯೇ ಬೂದಿ ಮುಚ್ಚಿ. ಮೈ ತಣ್ಣಗಾಗಬಾರದು ಎಂದು ನಲವತ್ತು ದಿನ ಬಿಡದೆ ಇಟ್ಟಿದ್ದಳು.

"ಇದ್ ಎಂತಾ ಅಬ್ಬಿ?" ಎಂದರು ಇವರು.

"ಎಂತಾ ಅಂದ್ರೆ? ನೀ ಗುಜರಿಗ್ ಹಾಕ್ತೆ ಅಂದ್ಯಲ್ಲ. ಚಳಿಗ್ ಮೈ ಬಿಗ್ದದ್ದ್ ಅದ್ಕ್, ಮತ್ತೆಂತ ರೋಗ ಇಲ್ಲೆ. ಬಾಣಂತಿಗ್ ಇಟ್ಟಂಗ್ ಒಂಚೂರ್ ಕೆಂಡ ಇಟ್ಟೆ. ದಿನಾ ನೀರೊಲೆಗ್ ಬೆಂಕಿ ಹಾಕೂದ್ ನಾನೇ ಅಲ್ದಾ." ಅತ್ತೆ ಬಗ್ಗಿ, ಕೋಲಿನಿಂದ ಚಟ್ಟಿಯನ್ನು ಮೆಲ್ಲಗೆ ಹೊರಗೆ ಎಳೆದಳು. "ಸುಧಾಕರ ಮೊದ್ಲ್ನೇ ದಿನವೇ ಕಂಡ. ನಿಂಗ್ ಹೇಳ್ರೆ ನೀ ಹಟಕ್ಕಾದ್ರೂ ಗಾಡಿ ಮಾರ್ತೆ ಅಂತ, ಆನೆಗುಡ್ಡೆ ಗಣಪನ ಮೇಲ್ ಆಣೆ ಹಾಕ್ಸ್ದೆ. ಅವ್ನ್ ಬೈಕಿನ್ ಶಬ್ದ ಕೇಂಡ್ಕೂಡ್ಲೆ ನಾ ಚಟ್ಟಿ ತೆಗೂದ್. ಇವತ್ತ್ ಶಬ್ದವೇ ಇಲ್ಲೆ. ಎಲ್ಲಿ ಅವ್ನ್? ಜ್ವರವಾ?"

ಅನೂಪ್ ಮುಖ ಆಚೆ ತಿರುಗಿಸಿದ. ಮನೆಯಲ್ಲಿ ಮುದುಕಿಯೊಬ್ಬಳು ಎಲ್ಲರಿಗಿಂತ ಮೊದಲು ಎದ್ದು ಕೆಂಡ ಹಿಡಿದು ಓಡಾಡುವುದು ನಮಗೆ ಎಷ್ಟು ಮಾಮೂಲಾಗಿತ್ತೆಂದರೆ, ಚಕ್ರಕ್ಕೆ ಗೆರೆ ಎಳೆದು ಕಾದವರ ಕಣ್ಣಿಗೂ ಅವಳು ಬಿದ್ದಿರಲಿಲ್ಲ. ಹೇಳಬೇಕಾದ್ದನ್ನು ಅತ್ತೆಗೆ ನಾನೇ ಹೇಳಿದೆ. ಅವಳು ಮಗನಿಗೆ ಬೈಯಲಿಲ್ಲ. ಚಟ್ಟಿಯ ಬೂದಿಯನ್ನು ಕೋಲಿನಿಂದ ಕೆದಕುತ್ತ, "ನನ್ನ ಆಣೆಯಿಂದ ಆಯ್ತಲ್ಲ ಇದ್" ಎಂದಳು. ಬೈದಿದ್ದರೆ ಇವರಿಗೆ ಒಳ್ಳೆಯದಿತ್ತು.

ಆ ದಿನ ನಾವು ಗಂಗೊಳ್ಳಿಗೆ ಹೋಗಲಿಲ್ಲ. ಇವರೂ ನಾನೂ ಟೆಂಪೊದಲ್ಲಿ ಗುಲ್ವಾಡಿಗೆ ಹೋದೆವು. ಹೊಳೆಯ ಬದಿಯ ತಿರುವಿನಲ್ಲಿ ಗೇರು ಬೀಳದೆ ಕಿರ್ರೆಂದಾಗ ಇವರು, "ಇದನ್ನ್ ಅವ್ನ್ ಹ್ಯಾಂಗ್ ಓಡಿಸ್ತಿದ್ದ?" ಎಂದರು.

ಸುಧಾಕರಣ್ಣ ಮನೆಯ ಬೇಲಿಬಾಗಿಲ ದಣಪೆಯ ಹತ್ತಿರ ನಿಂತಿದ್ದ. ತಿರುವಿನಲ್ಲೇ ಗಾಡಿಯ ಸ್ವರ ಗುರುತು ಹಿಡಿದಿರಬೇಕು. ಅವನು ಮೊದಲು ನೋಡಿದ್ದು ನಮ್ಮನ್ನಲ್ಲ, ಹೊಗೆ ಕೊಳವೆಯನ್ನು. ಅವನ ಹೆಂಡತಿ ವಿನಯಾ ಬಾಗಿಲಿಗೆ ಬಂದವಳು ನಮ್ಮನ್ನು ಕಂಡು ನಗಲಿಲ್ಲ, ಆದರೂ ಚಾಪೆ ಹಾಸಿದಳು. ಆರಿಸಿದರೆ ಮತ್ತೆ ಎದ್ದೀತೋ ಇಲ್ಲವೋ ಎಂದು ಇವರು ಇಂಜಿನ್ ಆರಿಸಿರಲಿಲ್ಲ. ಮಾತೆಲ್ಲ ಆ ಗಡಗಡದ ನಡುವೆಯೇ ಆಯಿತು.

"ಅಬ್ಬಿ ಹೇಳ್ದ್ರ್. ಕೆಂಡ ಕಂಡೆ" ಎಂದರು ಇವರು. ಆಮೇಲೆ, ಮದುವೆಯಾದಂದಿನಿಂದ ನನಗೆ ಒಮ್ಮೆಯೂ ಹೇಳದ ಮಾತು ಹೇಳಿದರು. "ತಪ್ಪಾಯ್ತ್ ಸುಧಾಕರ."

ಸುಧಾಕರಣ್ಣ ತಲೆ ಆಡಿಸಿದ. "ಅಕ್ಕಮ್ಮನಿಗ್ ಬೈಬೇಡಿ" ಎಂದ. ಅತ್ತೆಯನ್ನು ಅವನು ಕರೆಯುವುದು ಹಾಗೆ.

"ನೀ ಒಂದ್ ಮಾತ್ ಹೇಳಿದ್ರೆ ಆಗ್ತಿತ್ತಲ್ಲ."

"ಆಣೆ ಇದ್ದಿತ್ತಲ್ಲ ಲೀಲಣ್ಣ. ಆಣೆ ಇಲ್ದಿದ್ರೂ, ಅಷ್ಟ್ ವರ್ಷ ಆದ್ ಮೇಲ್ ನಾ ಕಳ್ಳ ಅಲ್ಲ ಅಂತ ನಾನೇ ಹೇಳ್ಕಾ?"

ಇವರು ಚಾಪೆಯ ಅಂಚು ಕೀಳುತ್ತ ಕೂತರು. "ನಾಳೆಯಿಂದ ಬಾ. ಗಾಡಿ ಮಾರೂದಿಲ್ಲೆ. ಹೀಟರ್ ಹೊಸತ್ ಹಾಕ್ಸ್ವ" ಎಂದರು.

"ಯೋಗೀಶ ನಿನ್ನೆ ಸಂಜೆ ಮತ್ತ್ ಫೋನ್ ಮಾಡಿದ್ದ. ಬತ್ತೆ ಅಂದೆ. ಸೋಮವಾರದಿಂದ."

ನನಗೆ ಅಳು ಬಂತು. ಇಲ್ಲದ ಕಳ್ಳನನ್ನು ಹುಡುಕಿ ಹುಡುಕಿ ನಮ್ಮವರೇ ಇದ್ದೊಬ್ಬ ನಂಬಿಕಸ್ಥನನ್ನು ಯೋಗೀಶನ ಅಂಗಳಕ್ಕೆ ಬಿಟ್ಟು ಬಂದಿದ್ದರು. "ಅದ್ ಹೊಸ ಗಾಡಿ ಸುಧಾಕರಣ್ಣ. ನಿಂಗ್ ಹೊಸತ್ ಆತಿಲ್ಲೆ ಅಂದಿದ್ಯಲ್ಲ" ಎಂದೆ.

"ಆತಿಲ್ಲೆ ಸೀತಕ್ಕ, ಈಗ್ಲೂ ಆತಿಲ್ಲೆ." ಅವನು ನಡುಗುತ್ತ ನಿಂತ ಟೆಂಪೊವನ್ನು ನೋಡಿದ. "ಆರೆ ಆ ಹೊಸ ಗಾಡಿ ಬಿಸಿ ಇರ್ಲಿ, ತಣ್ಣಗ್ ಇರ್ಲಿ, ಒಂದೇ ನಮೂನಿ ಏಳ್ತ್. ಬೆಳಿಗ್ಗೆ ಬಾನೆಟ್ ಮುಟ್ಟಿ ಆರೂ ನನ್ನ ಲೆಕ್ಕ ಹಾಕುಕ್ ಹೋತಿಲ್ಲೆ. ನಂಗ್ ಈಗ ಅಷ್ಟೇ ಬೇಕಾದ್ದ್."

ವಿನಯಾ ತಂದ ಚಹಾ ಕುಡಿದೆವು. ಹೊರಡುವಾಗ ಆ ಇಕ್ಕಟ್ಟು ದಾರಿಯಲ್ಲಿ ಟೆಂಪೊ ತಿರುಗಿಸಲು ಇವರಿಗೆ ಬರಲಿಲ್ಲ. ಸುಧಾಕರಣ್ಣ ತಾನೇ ಹತ್ತಿ, ಬೇಲಿಗೆ ತಾಗದ ಹಾಗೆ ಹಿಂದೆ ಮುಂದೆ ಮಾಡಿ ತಿರುಗಿಸಿ ಕೊಟ್ಟ. ಇಳಿದು ಬಾಗಿಲು ಹಾಕಿ, ಅದು ಕೂತಿತೋ ಇಲ್ಲವೋ ಎಂದು ಅಂಗೈಯಿಂದ ಒಮ್ಮೆ ಒತ್ತಿ ನೋಡಿದ. ಆ ಬಾಗಿಲಿಗೆ ಹಾಗೆ ಒತ್ತಬೇಕು ಎಂಬುದು ಅವನಿಗೆ ಮಾತ್ರ ಗೊತ್ತಿದ್ದ ಸಂಗತಿ.

ಈಗ ಟೆಂಪೊ ಇವರೇ ಓಡಿಸುತ್ತಾರೆ. ಹೊಸ ಹೀಟರ್ ಹಾಕಿಸಲು ಅತ್ತೆ ಬಿಡಲಿಲ್ಲ. ಸುಧಾಕರ ಬಂದ ಮೇಲೆ ಹಾಕಿಸುವ ಎನ್ನುತ್ತಾಳೆ. ಬೆಳಗಿನ ಜಾವ ಎದ್ದು ಕೆಂಡದ ಚಟ್ಟಿಯನ್ನು ಟೆಂಪೊದ ಅಡಿಗೆ ಇಟ್ಟು, ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತು ಬೈಕಿನ ಶಬ್ದಕ್ಕೆ ಕಾಯುತ್ತಾಳೆ. ಬೈಕು ಬರುವುದಿಲ್ಲ. ಕೊನೆಗೆ ಇವರೇ ಮೊಣಕಾಲೂರಿ ಚಟ್ಟಿ ಹೊರಗೆ ಎಳೆದು, ಅಮ್ಮನ ಕೈಗೆ ಕೊಟ್ಟು, ಹತ್ತಿ ಕೀಲಿ ತಿರುಗಿಸುತ್ತಾರೆ. ಟೆಂಪೊ ಒಂದೇ ಸಲಕ್ಕೆ ಏಳುತ್ತದೆ. ಬಾನೆಟ್ಟನ್ನು ಮಾತ್ರ ಇವರು ಮುಟ್ಟುವುದಿಲ್ಲ.